ಗಾಳಿ ಬದಲಾದಾಗ ನೀಡಲ್: ರೇಸಿಂಗ್ ಮಾದರಿ ವಿಮಾನದ ಎಂಜಿನ್ ಮತ್ತು ಹವೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕೈಯಲ್ಲಿ ಕೆಲಸ ಮಾಡುತ್ತಲೇ ವಿಜ್ಞಾನ ಕಲಿಯಬೇಕು ಎಂಬುದು ಈ ದತ್ತಿಯ ಆಶಯ. ಅದಕ್ಕೆ ಒಪ್ಪುವಂತೆ, ಮುಷ್ಟಿಯೊಳಗೆ ಹಿಡಿಸುವ ಒಂದು ಯಂತ್ರದ ಬಗ್ಗೆ ಮಾತನಾಡುತ್ತೇನೆ. ಅಂತಾರಾಷ್ಟ್ರೀಯ ಮಾದರಿ ವಿಮಾನ ಸ್ಪರ್ಧೆಗಳಲ್ಲಿ ಎಫ್2ಎ ಎಂದು ಕರೆಯುವ ವರ್ಗವೊಂದಿದೆ. 2.5 ಸಿಸಿ ಎಂಜಿನ್, 17.69 ಮೀಟರ್ ಉದ್ದದ ತಂತಿ, ಆ ತಂತಿಯ ತುದಿಯಲ್ಲಿ ವೃತ್ತಾಕಾರವಾಗಿ ಹಾರುವ ವಿಮಾನ. ಒಂಬತ್ತು ಸುತ್ತು ಹಾರಿದರೆ ಸರಿಯಾಗಿ ಒಂದು ಕಿಲೋಮೀಟರ್. ಪೈಲಟ್ ತನ್ನ ಕೈಯನ್ನು ವೃತ್ತದ ನಡುವಿನ ಕಂಬದ ಕವೆಗೆ ಒರಗಿಸಿದ ಮೇಲೆ ಗಡಿಯಾರ ಶುರುವಾಗುತ್ತದೆ. ವೇಗ ಗಂಟೆಗೆ 300 ಕಿಲೋಮೀಟರ್ ಸುಮಾರು ಇರುವುದರಿಂದ 12 ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಎಂಜಿನ್ ನಿಮಿಷಕ್ಕೆ 40,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಂದರೆ ಆ 12 ಸೆಕೆಂಡಿನೊಳಗೆ 8,000 ಸಲ ಗಾಳಿ ಎಳೆದುಕೊಂಡು, 8,000 ಸಲ ಉರಿದು, 8,000 ಸಲ ಹೊಗೆ ಬಿಟ್ಟಿರುತ್ತದೆ. ಮೊದಲನೆಯವರಿಗೂ ನಾಲ್ಕನೆಯವರಿಗೂ ನಡುವಿನ ಅಂತರ ಎಷ್ಟೋ ಸಲ ಗಂಟೆಗೆ ಕೆಲವೇ ಕಿಲೋಮೀಟರ್ ಮಾತ್ರ.

ಈ ಎಂಜಿನ್‌ನಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಇಂದಿನ ಕಾರು ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತು ಎಂದು ನೋಡಿಕೊಂಡು ಪೆಟ್ರೋಲನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಇಲ್ಲಿ ಆ ಕೆಲಸಕ್ಕೆ ಇರುವುದು ಒಂದು ನೀಡಲ್ ವಾಲ್ವ್ ಮತ್ತು ಅದನ್ನು ತಿರುಗಿಸುವ ಎರಡು ಬೆರಳು. ಹಾರಾಟಕ್ಕೆ ಬಿಟ್ಟ ಮೇಲೆ ಅದನ್ನೂ ಮುಟ್ಟುವಂತಿಲ್ಲ. ಬೆಳಿಗ್ಗೆ ಏಳಕ್ಕೆ ಕೂಡಿಸಿಟ್ಟ ಹದ ಮಧ್ಯಾಹ್ನ ಎರಡಕ್ಕೆ ಹದವಾಗಿರುವುದಿಲ್ಲ. ಎಂಜಿನ್ ಅದೇ, ಇಂಧನ ಅದೇ. ಗಾಳಿ ಮಾತ್ರ ಬೇರೆ.

ಗಾಳಿ ಎಷ್ಟು ಬೇರೆಯಾಗುತ್ತದೆ ಎಂಬುದನ್ನು ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1013 ಹೆಕ್ಟೋಪಾಸ್ಕಲ್ ಒತ್ತಡದಲ್ಲಿ ಒಂದು ಘನ ಮೀಟರ್ ಗಾಳಿ 1.225 ಕಿಲೋಗ್ರಾಂ ತೂಗುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ನಿಜವಾದ ಒತ್ತಡ 912 ಹೆಕ್ಟೋಪಾಸ್ಕಲ್ ಸುಮಾರು. ಬೆಳಗಿನ 18 ಡಿಗ್ರಿಯಲ್ಲಿ ಘನ ಮೀಟರಿಗೆ 1.09 ಕಿಲೋಗ್ರಾಂ ಇರುವ ಗಾಳಿ ಮಧ್ಯಾಹ್ನ 32 ಡಿಗ್ರಿಗೆ 1.04ಕ್ಕೆ ಇಳಿಯುತ್ತದೆ. ಜಕ್ಕೂರಿನಲ್ಲಿ ನಿಜ ವಿಮಾನ ಹಾರಿಸಲು ಕಲಿಯುವವರು ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಎಂದು ಲೆಕ್ಕ ಹಾಕುತ್ತಾರೆ: ಅಂಥ ಮಧ್ಯಾಹ್ನ ರನ್‌ವೇ ಮೇಲೆ ನಿಂತಿರುವ ವಿಮಾನವೂ ತಾನು ಸುಮಾರು 1,700 ಮೀಟರ್ ಮೇಲಿದ್ದೇನೆ ಎಂಬಂತೆ ನಡೆದುಕೊಳ್ಳುತ್ತದೆ.

ಹೊಸಬರು ಇಲ್ಲಿ ಎಡವುವ ಒಂದು ಜಾಗವಿದೆ, ಅದನ್ನು ಒತ್ತಿ ಹೇಳಬೇಕು. ಹವಾಮಾನ ವರದಿಯಲ್ಲಿ, ಮೊಬೈಲಿನಲ್ಲಿ, ಬೆಂಗಳೂರಿನ ಒತ್ತಡ 1012 ಅಥವಾ 1014 ಎಂದು ಕಾಣುತ್ತದೆ. ಅದು ಸಮುದ್ರಮಟ್ಟಕ್ಕೆ ಹೊಂದಿಸಿ ಬರೆದ ಅಂಕಿ. ನಕ್ಷೆಯ ಮೇಲೆ ಒಂದು ಊರನ್ನು ಇನ್ನೊಂದರ ಜತೆ ಹೋಲಿಸುವವರಿಗೆ ಅದು ಬೇಕು. ಎಂಜಿನ್ ಉಸಿರಾಡುವುದು ಆ ಒತ್ತಡದಲ್ಲಲ್ಲ. ಆ ಅಂಕಿಯನ್ನು ನಂಬಿ ಲೆಕ್ಕ ಹಾಕಿದರೆ ಮೊದಲ ಸಾಲಿನಲ್ಲೇ ಹತ್ತು ಪ್ರತಿಶತ ತಪ್ಪುತ್ತದೆ. ಮೈದಾನದಲ್ಲೇ ಇಟ್ಟ ಬ್ಯಾರೋಮೀಟರ್ ತೋರಿಸುವ, ಹೊಂದಿಸದ ಒತ್ತಡವೇ ನಮಗೆ ಬೇಕಾದದ್ದು.

ಇನ್ನೊಂದು ಮಾತು. ಯುರೋಪಿನ ಸ್ಪರ್ಧಿಗಳು ಬರೆದ ಟ್ಯೂನಿಂಗ್ ಸಲಹೆಗಳನ್ನು ಓದಿದರೆ ಬ್ಯಾರೋಮೀಟರಿಗೆ ಭಾರಿ ಮಹತ್ವ ಕಾಣುತ್ತದೆ. ಅವರಿಗೆ ಅದು ಸರಿ. ಅಲ್ಲಿ ಒಂದು ವಾಯುಭಾರ ಕುಸಿತ ಹಾದುಹೋದರೆ ಎರಡು ದಿನದಲ್ಲಿ 30 ಹೆಕ್ಟೋಪಾಸ್ಕಲ್ ಇಳಿಯುವುದುಂಟು. ಉಷ್ಣವಲಯದಲ್ಲಿ ಚಂಡಮಾರುತದ ದಿನಗಳನ್ನು ಬಿಟ್ಟರೆ ಒತ್ತಡ ಬಹಳ ಶಿಸ್ತಿನದು: ಬೆಳಿಗ್ಗೆ ಹತ್ತರ ಸುಮಾರಿಗೆ ಏರುತ್ತದೆ, ಸಂಜೆ ನಾಲ್ಕರ ಸುಮಾರಿಗೆ ಮೂರ್ನಾಲ್ಕು ಹೆಕ್ಟೋಪಾಸ್ಕಲ್ ಇಳಿಯುತ್ತದೆ, ರಾತ್ರಿ ಮತ್ತೆ ಏರುತ್ತದೆ. ಹಾಗಾಗಿ ನಮ್ಮಲ್ಲಿ ದಿನದೊಳಗಿನ ಬದಲಾವಣೆ ಹೆಚ್ಚಾಗಿ ತಾಪಮಾನದ್ದು, ಊರಿಂದೂರಿಗೆ ಬದಲಾಗುವುದು ಎತ್ತರ ಮತ್ತು ತೇವ. ಅವರ ಸಲಹೆಯನ್ನು ಹಾಗೇ ಎತ್ತಿಕೊಂಡರೆ ನಾವು ಕದಲದ ಮುಳ್ಳನ್ನು ನೋಡುತ್ತ ಕೂರುತ್ತೇವೆ, ಹೊತ್ತೇರುತ್ತಿರುವ ಬಿಸಿಲನ್ನು ಮರೆಯುತ್ತೇವೆ.

ತೇವದ ವಿಷಯದಲ್ಲಿ ಪ್ರತಿಶತದ ಅಂಕಿ ದಾರಿ ತಪ್ಪಿಸುತ್ತದೆ. 18 ಡಿಗ್ರಿಯ ಬೆಳಿಗ್ಗೆ 90 ಪ್ರತಿಶತ ಆರ್ದ್ರತೆ ಎಂದರೆ ಭಯವಾಗುತ್ತದೆ. 32 ಡಿಗ್ರಿಯ ಮಧ್ಯಾಹ್ನ 39 ಪ್ರತಿಶತ ಎಂದರೆ ಒಣಹವೆ ಅನ್ನಿಸುತ್ತದೆ. ಎರಡರಲ್ಲೂ ನೀರಾವಿಯ ಒತ್ತಡ ಒಂದೇ, ಸುಮಾರು 18.5 ಹೆಕ್ಟೋಪಾಸ್ಕಲ್. ಎಂಜಿನ್‌ಗೆ ಗೊತ್ತಾಗುವುದು ಈ ನೀರಾವಿಯ ಒತ್ತಡ, ಪ್ರತಿಶತವಲ್ಲ. ನೀರಾವಿ ಎಷ್ಟು ಜಾಗ ಹಿಡಿಯಿತೋ ಅಷ್ಟು ಜಾಗ ಆಮ್ಲಜನಕಕ್ಕೂ ಸಾರಜನಕಕ್ಕೂ ತಪ್ಪಿತು. ಮಂಗಳೂರಿನ ಮೇ ತಿಂಗಳಲ್ಲಿ, 33 ಡಿಗ್ರಿ, 70 ಪ್ರತಿಶತ ಆರ್ದ್ರತೆಯಲ್ಲಿ ನೀರಾವಿಯೇ 35 ಹೆಕ್ಟೋಪಾಸ್ಕಲ್ ಹಿಡಿಯುತ್ತದೆ. ಎಳೆದುಕೊಂಡ ಗಾಳಿಯಲ್ಲಿ ಮೂರೂವರೆ ಪ್ರತಿಶತ ಉರಿಗೆ ಉಪಯೋಗವಿಲ್ಲದ್ದು.

ಹಾಗಾಗಿ ನಾನು ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಗೆ ಒಂದೇ ಅಂಕಿ ಬರೆದಿಡಲು ಹೇಳುತ್ತೇನೆ. ಮೈದಾನದ ಒತ್ತಡದಿಂದ ನೀರಾವಿಯ ಒತ್ತಡ ಕಳೆಯಿರಿ. ಉಳಿದದ್ದನ್ನು ಕೆಲ್ವಿನ್ ತಾಪಮಾನದಿಂದ, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿದ ಅಂಕಿಯಿಂದ, ಭಾಗಿಸಿ. ಬೆಂಗಳೂರಿನ ಬೆಳಿಗ್ಗೆ 912ರಲ್ಲಿ 18 ಕಳೆದು 291ರಿಂದ ಭಾಗಿಸಿದರೆ 3.07. ಮಧ್ಯಾಹ್ನ ಒತ್ತಡ 909, ನೀರಾವಿ 14 ಎಂದಿಟ್ಟುಕೊಂಡರೆ 2.93. ಮಂಗಳೂರಿನ ಆ ಮೇ ಮಧ್ಯಾಹ್ನ 1006ರಲ್ಲಿ 35 ಕಳೆದು 306ರಿಂದ ಭಾಗಿಸಿದರೆ 3.17. ತೇವವೆಲ್ಲ ಲೆಕ್ಕಕ್ಕೆ ಬಂದ ಮೇಲೂ ಕಡಲತೀರದ ಗಾಳಿಯಲ್ಲಿ ಬೆಂಗಳೂರಿನ ಮಧ್ಯಾಹ್ನಕ್ಕಿಂತ ಎಂಟು ಪ್ರತಿಶತ ಹೆಚ್ಚು ಆಮ್ಲಜನಕವಿದೆ. ಇಲ್ಲಿ ಮಧ್ಯಾಹ್ನ ಕೂಡಿಸಿದ ನೀಡಲನ್ನು ಹಾಗೇ ಬಿಟ್ಟು ಘಟ್ಟ ಇಳಿದವರ ಎಂಜಿನ್ ಅಲ್ಲಿ ಲೀನ್ ಆಗಿಯೇ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲದೆ, ಓಡುತ್ತದೆ.

ಯಾಕೆ ಲೀನ್ ಆಗುತ್ತದೆ? ಗಾಳಿ ಹೆಚ್ಚಿದರೆ ಅದರ ಎಳೆತಕ್ಕೆ ಇಂಧನವೂ ಹೆಚ್ಚಬೇಕಲ್ಲ ಎಂದು ಕೇಳಬಹುದು. ಹೆಚ್ಚುತ್ತದೆ, ಆದರೆ ಸಾಲುವಷ್ಟಲ್ಲ. ಎಂಜಿನ್‌ನ ಉಸಿರು ಕೊಳವೆಯಾದ ವೆಂಚುರಿಯಲ್ಲಿ ಹಾದುಹೋಗುವ ಗಾಳಿಯ ತೂಕ ಸಾಂದ್ರತೆಯ ಜತೆ ನೇರವಾಗಿ ಏರಿಳಿಯುತ್ತದೆ. ನೀಡಲ್ ಮೂಲಕ ಬರುವ ಇಂಧನ ಸಾಂದ್ರತೆಯ ವರ್ಗಮೂಲದ ಜತೆ ಮಾತ್ರ ಏರಿಳಿಯುತ್ತದೆ. ಗಾಳಿ ಎಂಟು ಪ್ರತಿಶತ ಹೆಚ್ಚಿದರೆ ಇಂಧನ ನಾಲ್ಕೇ ಪ್ರತಿಶತ ಹೆಚ್ಚುತ್ತದೆ, ಉಳಿದ ನಾಲ್ಕನ್ನು ಬೆರಳೇ ಕೊಡಬೇಕು. ಗಾಳಿ ತೆಳುವಾದಾಗ ಇದೇ ತಿರುಗುಮುರುಗು: ಇಂಧನ ಮಿಕ್ಕಿ ಎಂಜಿನ್ ರಿಚ್ ಆಗುತ್ತದೆ. ರೇಸಿಂಗ್‌ನಲ್ಲಿ ಬಲೂನಿನಂಥ ಬ್ಲಾಡರ್ ಟ್ಯಾಂಕಿನಿಂದ ಒತ್ತಡದಲ್ಲಿ ಇಂಧನ ಕೊಡುವವರಿದ್ದಾರೆ. ಅಲ್ಲಿ ಇಂಧನದ ಹರಿವು ಗಾಳಿಯ ಮಾತನ್ನು ಬಹುಮಟ್ಟಿಗೆ ಕೇಳುವುದೇ ಇಲ್ಲ, ಹಾಗಾಗಿ ತಿದ್ದುಪಡಿ ಇನ್ನೂ ದೊಡ್ಡದು ಬೇಕು.

ಈಗ ಈ ಉಪನ್ಯಾಸದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಬೆಂಗಳೂರಿನ ಗಾಳಿ ತೆಳು, ಇಲ್ಲಿ ಒಳ್ಳೆಯ ವೇಗ ಸಿಗುವುದಿಲ್ಲ ಎಂಬ ಮಾತು ನಮ್ಮ ಮೈದಾನಗಳಲ್ಲಿ ಬಹಳ ಕೇಳಿಬರುತ್ತದೆ. ಇದು ಅರ್ಧಕ್ಕಿಂತ ಹೆಚ್ಚು ತಪ್ಪು. ಗಾಳಿ ಹತ್ತು ಪ್ರತಿಶತ ತೆಳುವಾದರೆ ಎಂಜಿನ್‌ನ ಶಕ್ತಿ ಹೆಚ್ಚುಕಡಿಮೆ ಹತ್ತು ಪ್ರತಿಶತ ತಗ್ಗುತ್ತದೆ, ನಿಜ. ಆದರೆ ಪ್ರಾಪೆಲ್ಲರ್ ತಿರುಗುವುದೂ ಅದೇ ತೆಳು ಗಾಳಿಯಲ್ಲಿ. ಅದೇ ಸುತ್ತಿನಲ್ಲಿ ಅದನ್ನು ತಿರುಗಿಸಲು ಬೇಕಾದ ಬಲವೂ ಹತ್ತು ಪ್ರತಿಶತ ಕಡಿಮೆ. ವಿಮಾನದ ಮೈಗೆ, ತಂತಿಗಳಿಗೆ ಗಾಳಿ ಒಡ್ಡುವ ತಡೆಯೂ ಹತ್ತು ಪ್ರತಿಶತ ಕಡಿಮೆ. ಮೊದಲ ಅಂದಾಜಿಗೆ ವೇಗ ಬದಲಾಗಬೇಕಾದ ಕಾರಣವೇ ಇಲ್ಲ. ಬದಲಾಗದೆ ಉಳಿಯುವುದು ಎಂಜಿನ್ ಒಳಗಿನ ಘರ್ಷಣೆ, ಅದರ ಪಾಲು ಮಾತ್ರ ನಿಜವಾದ ನಷ್ಟ. ಉಳಿದ ನಷ್ಟವೆಲ್ಲ ಮಿಶ್ರಣವನ್ನೂ ಕಂಪ್ರೆಷನ್ನನ್ನೂ ಹೊಸ ಗಾಳಿಗೆ ಹೊಂದಿಸದೆ ಬಿಟ್ಟದ್ದರಿಂದ ಬಂದದ್ದು. ಗಾಳಿಯನ್ನು ದೂರುವ ಮೊದಲು ನಾವು ನೋಡಬೇಕಾದದ್ದು ನೀಡಲನ್ನು.

ಇದರಿಂದಲೇ ಇನ್ನೊಂದು ಮಾತೂ ಹುಟ್ಟುತ್ತದೆ: ಟ್ಯಾಕೋಮೀಟರ್ ಒಂದನ್ನೇ ನಂಬಬಾರದು. ಎಂಜಿನ್ ಬಲವೂ ಪ್ರಾಪ್‌ನ ಹೊರೆಯೂ ಜತೆಯಾಗಿ ಇಳಿಯುವುದರಿಂದ ನೆಲದ ಮೇಲಿನ ಆರ್‌ಪಿಎಂ ಬೆಳಿಗ್ಗೆಯೂ ಮಧ್ಯಾಹ್ನವೂ ಹೆಚ್ಚುಕಡಿಮೆ ಒಂದೇ ತೋರಿಸಬಹುದು, ಒಳಗೆ ಮಿಶ್ರಣ ಕೆಟ್ಟಿರಬಹುದು. ಗಾಳಿಯ ಅಂಕಿ ಇಲ್ಲದೆ ಬರೆದ ಆರ್‌ಪಿಎಂಗೆ ನಾಳೆ ಬೆಲೆಯಿಲ್ಲ. ಮೇಲಾಗಿ, ನೆಲದ ಮೇಲಿನ ಓಟವೇ ಬೇರೆ, ಆಕಾಶದ್ದೇ ಬೇರೆ. ವಿಮಾನ ವೇಗ ಹಿಡಿದಂತೆ ಪ್ರಾಪ್‌ನ ಹೊರೆ ಹಗುರಾಗಿ ಸುತ್ತು ಏರುತ್ತದೆ, ಮಿಶ್ರಣ ಲೀನ್ ಕಡೆಗೆ ಸರಿಯುತ್ತದೆ. ಅದಕ್ಕೇ ಅನುಭವಿಗಳು ನೆಲದಲ್ಲಿ ಎಂಜಿನ್ನನ್ನು ತುತ್ತತುದಿಗೆ ಏರಿಸಿ ನೋಡಿ, ಬಳಿಕ ಕೆಲವು ನೂರು ಸುತ್ತು ರಿಚ್ ಕಡೆಗೆ ಇಳಿಸಿಯೇ ಬಿಡುತ್ತಾರೆ.

ಹಾಗಾದರೆ ಏನನ್ನು ನಂಬಬೇಕು? ಓಡುತ್ತಿರುವ ಎಂಜಿನ್‌ನ ಇಂಧನ ಕೊಳವೆಯನ್ನು ಬೆರಳಲ್ಲಿ ಕ್ಷಣಮಾತ್ರ ಚಿವುಟಿ ಬಿಡಿ. ಸುತ್ತು ಏರಿ ಆಮೇಲೆ ಇಳಿದರೆ ಎಂಜಿನ್ ರಿಚ್ ಇದೆ. ಏರದೆ ನೇರ ಕುಸಿದರೆ ಲೀನ್. ವಿಮಾನದ ಮೂಗನ್ನು ಮೇಲೆತ್ತಿ ಹಿಡಿದಾಗ ದನಿ ತುಸು ಏರಿದರೆ ಒಳ್ಳೆಯದು, ಕುಗ್ಗಿದರೆ ಹಾರಿಸಬೇಡಿ. ಇಳಿದ ಮೇಲೆ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ತಂತಿಯನ್ನು ನೋಡಿ. ಹೊಸದರಂತೆ ಥಳಥಳ ಹೊಳೆಯುತ್ತಿದ್ದರೆ ಹದವೋ ರಿಚ್ಚೋ ಇದೆ. ಮೇಲ್ಮೈ ಮಂಕಾಗಿ ಬೂದು ಹಿಡಿದಂತಿದ್ದರೆ ಲೀನ್ ಆಗಿ ಕಾದಿದೆ. ಸುರುಳಿ ಸೊಟ್ಟಗಾಗಿದ್ದರೆ, ಸಿಲಿಂಡರ್ ಹೆಡ್‌ನ ಒಳಮೈ ಮರಳು ಎರಚಿದಂತೆ ಒರಟಾಗಿದ್ದರೆ, ಕಂಪ್ರೆಷನ್ ಅತಿಯಾಗಿ ಡಿಟೋನೇಷನ್, ಅಂದರೆ ಮಿಶ್ರಣ ಉರಿಯುವ ಬದಲು ಸಿಡಿಯುವುದು, ನಡೆದಿದೆ. ಇಂಧನದಲ್ಲಿ ಬೆರೆತು ಬಂದು ಬಾಲದ ಮೇಲೆ ಬಿದ್ದ ಹರಳೆಣ್ಣೆಯ ಬಣ್ಣವನ್ನೂ ನೋಡಬೇಕು: ತಿಳಿ ಜೇನಿನ ಬಣ್ಣವಾದರೆ ನಿಶ್ಚಿಂತೆ, ಕಪ್ಪಾದರೆ ಎಂಜಿನ್ ಬೆಂದಿದೆ. ಈ ಗುರುತುಗಳ ಓದು ಕೈಗೆ ಬರಲು ಒಂದು ಋತು ಬೇಕು, ಒಮ್ಮೆ ಬಂದರೆ ಮರೆಯುವುದಿಲ್ಲ.

ಎಫ್2ಎಯಲ್ಲಿ ಬಳಸುವಂಥ ಗ್ಲೋ ಎಂಜಿನ್‌ನಲ್ಲಿ ಕಿಡಿಯ ಸಮಯವನ್ನು ಹೊಂದಿಸುವ ಸಾಧನವಿಲ್ಲ. ಪ್ಲಗ್‌ನ ಪ್ಲಾಟಿನಂ ತಂತಿಯ ಮೇಲೆ ಮೆಥನಾಲ್ ಆವಿ ವೇಗವರ್ಧನೆಯಿಂದ ಉರಿಯುತ್ತ ತಂತಿಯನ್ನು ಕೆಂಪಗೆ ಉಳಿಸುತ್ತದೆ. ಯಾವ ಗಳಿಗೆಗೆ ಉರಿ ಹತ್ತಬೇಕು ಎಂಬುದನ್ನು ಪ್ಲಗ್‌ನ ಕಾವು, ಮಿಶ್ರಣ, ಕಂಪ್ರೆಷನ್ ಕೂಡಿ ತೀರ್ಮಾನಿಸುತ್ತವೆ. ತೆಳು ಗಾಳಿಯಲ್ಲಿ ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಉರಿ ತಡವಾಗಿ ಹತ್ತುತ್ತದೆ. ಆಗ ಹೆಡ್ ಬಿಚ್ಚಿ 0.1 ಮಿಲಿಮೀಟರ್ ದಪ್ಪದ ಶಿಮ್ ಬಳೆಯೊಂದನ್ನು ತೆಗೆದು ಕಂಪ್ರೆಷನ್ ಏರಿಸಬೇಕು, ದಟ್ಟ ಗಾಳಿಯ ಊರಿಗೆ ಹೋದಾಗ ಅದನ್ನು ಮತ್ತೆ ಸೇರಿಸಬೇಕು. ನೀಡಲ್ ದಿನದೊಳಗಿನ ಬದಲಾವಣೆಗೆ, ಶಿಮ್ ಊರು ಬದಲಾದಾಗ. 2006ರ ಕಂಟ್ರೋಲ್ ಲೈನ್ ವಿಶ್ವ ಚಾಂಪಿಯನ್‌ಶಿಪ್ ನಡೆದ ಸ್ಪೇನಿನ ವಲ್ಲಾಡೋಲಿಡ್ ಸುಮಾರು 700 ಮೀಟರ್ ಎತ್ತರದ ಪ್ರಸ್ಥಭೂಮಿಯ ಊರು. 2016ರದ್ದು ನಡೆದ ಆಸ್ಟ್ರೇಲಿಯಾದ ಪರ್ತ್ ಕಡಲ ಬದಿಯದು. ಎರಡಕ್ಕೂ ಒಂದೇ ಶಿಮ್ ನಡೆಯದು.

ಕ್ಲಬ್ ಮಟ್ಟದಲ್ಲಿ ಹಾರಿಸುವವರು ತೆಳು ಗಾಳಿಗೆ ನೈಟ್ರೋಮೀಥೇನ್ ಹೆಚ್ಚಿಸುವುದುಂಟು, ಏಕೆಂದರೆ ಅದು ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಎಫ್2ಎಯಲ್ಲೂ, ಕಂಬಗಳ ಸುತ್ತ ರೇಡಿಯೋ ವಿಮಾನಗಳು ಹತ್ತು ಸುತ್ತು, ನಾಲ್ಕು ಕಿಲೋಮೀಟರ್ ಓಡುವ ಎಫ್3ಡಿ ವರ್ಗದಲ್ಲೂ ಅದಕ್ಕೆ ದಾರಿಯಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ಇಂಧನ: 80 ಭಾಗ ಮೆಥನಾಲ್, 20 ಭಾಗ ಎಣ್ಣೆ. ಈ ನಿಯಮ ನನಗೆ ಬಹಳ ಇಷ್ಟ. ರಸಾಯನದ ಹಣಬಲವನ್ನು ಪಕ್ಕಕ್ಕಿಟ್ಟು ಗಾಳಿಯನ್ನು ಯಾರು ಸರಿಯಾಗಿ ಓದಿದರು ಎಂಬುದನ್ನೇ ಅದು ಪರೀಕ್ಷೆ ಮಾಡುತ್ತದೆ.

ಎಕ್ಸಾಸ್ಟ್‌ಗೆ ಟ್ಯೂನ್ಡ್ ಪೈಪ್ ಬಂದ ಮೇಲೆ ಹವೆಯ ಲೆಕ್ಕ ಇನ್ನೊಂದು ಸುತ್ತು ಬಿಗಿಯಾಯಿತು. ಪೂರ್ವ ಜರ್ಮನಿಯ ಎಂಝೆಡ್ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಹದಕ್ಕೆ ತಂದ ಎಕ್ಸ್‌ಪಾನ್ಷನ್ ಚೇಂಬರಿನ ತತ್ತ್ವವನ್ನು ಅಮೆರಿಕದ ಬಿಲ್ ವಿಸ್ನಿಯೆವ್ಸ್ಕಿ ಮಾದರಿ ಎಂಜಿನ್‌ಗೆ ತಂದು 1966ರ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು. ಹೊರಹೋದ ಒತ್ತಡದ ಅಲೆ ಪೈಪಿನ ತುದಿಗೆ ಬಡಿದು ಹಿಂದಿರುಗಿ, ಎಕ್ಸಾಸ್ಟ್ ಕಿಂಡಿ ಮುಚ್ಚುವ ಮೊದಲು, ತಪ್ಪಿಸಿಕೊಂಡು ಹೊರಟ ತಾಜಾ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳಬೇಕು. 40,000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವುದು 1.5 ಮಿಲಿಸೆಕೆಂಡ್. ಅಲೆಯ ವೇಗ ಪೈಪಿನೊಳಗಿನ ಹೊಗೆಯ ತಾಪಮಾನಕ್ಕೆ ಕಟ್ಟುಬಿದ್ದದ್ದು. ಮಿಶ್ರಣ ರಿಚ್ ಆದರೆ ಹೊಗೆ ತಂಪಾಗುತ್ತದೆ, ಅಲೆ ನಿಧಾನವಾಗುತ್ತದೆ, ಪೈಪ್ ಉದ್ದವಾದಂತೆ ವರ್ತಿಸಿ ಎಂಜಿನ್ನನ್ನು ಕಡಿಮೆ ಸುತ್ತಿಗೆ ಎಳೆಯುತ್ತದೆ. ಮಧ್ಯಾಹ್ನದ ಗಾಳಿಯಿಂದ ಬಂದ ಸಣ್ಣ ರಿಚ್ಚನ್ನು ಸಾದಾ ಎಂಜಿನ್ ಸಹಿಸಿಕೊಳ್ಳುತ್ತದೆ. ಪೈಪ್ ಹಾಕಿದ ಎಂಜಿನ್ ಅದೇ ತಪ್ಪಿಗೆ ಪೈಪಿನ ಹದವನ್ನೇ ಹಿಡಿಯದೆ ಗೊಗ್ಗರು ದನಿಯಲ್ಲಿ ಒಂಬತ್ತು ಸುತ್ತೂ ಕಳೆದುಬಿಡುತ್ತದೆ.

ಟೀಮ್ ರೇಸಿಂಗ್, ಅಂದರೆ ಎಫ್2ಸಿ, ಬೇರೆಯದೇ ಲೋಕ. ಅಲ್ಲಿ ಮೂರು ವಿಮಾನಗಳು ಒಂದೇ ವೃತ್ತದಲ್ಲಿ 100 ಸುತ್ತು, ಅಂದರೆ 10 ಕಿಲೋಮೀಟರ್, ಹಾರುತ್ತವೆ. ಫೈನಲ್‌ನಲ್ಲಿ 200 ಸುತ್ತು. ಎಂಜಿನ್ ಡೀಸೆಲ್: ಈಥರ್, ಸೀಮೆಎಣ್ಣೆ, ಎಣ್ಣೆ ಕೂಡಿದ ಇಂಧನ ಬರೀ ಒತ್ತಡದ ಕಾವಿಗೆ ಹತ್ತಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಎರಡು ಹಿಡಿಗಳು, ನೀಡಲ್ ಒಂದು, ಸಿಲಿಂಡರಿನ ನೆತ್ತಿಯ ಕಂಪ್ರೆಷನ್ ಸ್ಕ್ರೂ ಇನ್ನೊಂದು. ಬಿಸಿಯಾದ ಹೊತ್ತಿನಲ್ಲಿ ಒಳಬರುವ ಮಿಶ್ರಣವೇ ಬೆಚ್ಚಗಿರುವುದರಿಂದ ಸ್ಕ್ರೂ ತುಸು ಸಡಿಲಿಸಬೇಕು, ತಣ್ಣಗಿದ್ದರೆ ಬಿಗಿಯಬೇಕು. ಇಂಧನಕ್ಕೆಂದು ಇಳಿದ ವಿಮಾನವನ್ನು ಮೆಕ್ಯಾನಿಕ್ ಹಿಡಿದು, ಟ್ಯಾಂಕ್ ತುಂಬಿ, ಪ್ರಾಪ್ ಬೀಸಿ ಬಿಡುವುದು ಕೆಲವೇ ಸೆಕೆಂಡಿನ ಕೆಲಸ. ಆ ಕೆಲವು ಸೆಕೆಂಡಿನಲ್ಲೇ ಬಂದ ದನಿಯನ್ನು ನೆನಪಿಟ್ಟು ಅವನ ಕೈ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿರುತ್ತದೆ. ಗ್ಲೋ ವರ್ಗಗಳಲ್ಲಿ ಹಾರಾಟದ ನಡುವೆ ಸಿಗದ ಎರಡನೆಯ ಅವಕಾಶ ಇದು.

ತಪ್ಪುಗಳೆಲ್ಲ ಸಮಾನವಲ್ಲ ಎಂಬುದನ್ನು ಕೆಡೆಟ್‌ಗಳು ಗಟ್ಟಿಯಾಗಿ ಹಿಡಿಯಬೇಕು. ರಿಚ್ ಆದರೆ ವೇಗ ಹೋಗುತ್ತದೆ, ಲೀನ್ ಆದರೆ ಎಂಜಿನ್ ಹೋಗುತ್ತದೆ. ಹಿಂದಿನ ದಿನ ಮಧ್ಯಾಹ್ನದ ನೀಡಲ್‌ನಲ್ಲಿ ಮರುದಿನ ಬೆಳಿಗ್ಗೆ ಎಂಜಿನ್ ಶುರು ಮಾಡುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಬೆಳಗಿನ ಗಾಳಿ ದಟ್ಟ, ಜತೆಗೆ ತಣ್ಣಗಿನ ಇಂಧನದಲ್ಲಿ ಹರಳೆಣ್ಣೆ ಮಂದವಾಗಿ ನೀಡಲ್‌ನಲ್ಲಿ ನಿಧಾನ ಹರಿಯುತ್ತದೆ. ಎರಡೂ ಸೇರಿ ಲೀನ್ ಕಡೆಗೇ ಎಳೆಯುತ್ತವೆ. ದಿನದ ಮೊದಲ ಓಟಕ್ಕೆ ನೀಡಲ್ ಧಾರಾಳವಾಗಿ ತೆರೆದಿರಲಿ. ಇಂಧನದ ಡಬ್ಬಿಯನ್ನು ಬಿಸಿಲಿಗೂ ಇಡಬೇಡಿ, ಬಾಯಿ ತೆರೆದೂ ಇಡಬೇಡಿ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ನೀರು ಕುಡಿದ ಇಂಧನಕ್ಕೆ ಯಾವ ನೀಡಲ್ ಹದವೂ ಕೂರುವುದಿಲ್ಲ. ಮೆಥನಾಲ್ ವಿಷ ಕೂಡ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಕೈಗವಸು ಹಾಕಿಯೇ ಮುಟ್ಟಬೇಕು.

ಕೊನೆಗೆ ಒಂದು ಪ್ರಾರ್ಥನೆ, ಇಲ್ಲಿರುವ ಕ್ಲಬ್‌ಗಳ ಹಿರಿಯರಿಗೆ. ನಿಮ್ಮಲ್ಲಿ ಹಲವರು ಬೆಂಗಳೂರಿನ ಗಾಳಿಯಲ್ಲಿ ದಶಕಗಳಿಂದ ಎಂಜಿನ್ ಓಡಿಸಿದವರು. ಯಾವ ಹವೆಗೆ ನೀಡಲ್ ಎಷ್ಟು ಕ್ಲಿಕ್, ಹೆಡ್ ಕೆಳಗೆ ಎಷ್ಟು ಶಿಮ್, ಯಾವ ಪ್ಲಗ್ ಎಂಬುದು ನಿಮ್ಮ ಬೆರಳಲ್ಲಿದೆ, ಕಾಗದದಲ್ಲಿಲ್ಲ. ಯುರೋಪಿನ ಕೋಷ್ಟಕಗಳು ನಮ್ಮ ಪ್ರಸ್ಥಭೂಮಿಗೆ ಹೊಂದುವುದಿಲ್ಲ ಎಂದು ಆಗಲೇ ಹೇಳಿದೆ. ನಮ್ಮದನ್ನು ನಾವೇ ಮಾಡಿಕೊಳ್ಳಬೇಕು. ಪ್ರತಿ ಹಾರಾಟಕ್ಕೂ ಒಂದು ಸಾಲು ಸಾಕು: ದಿನಾಂಕ, ಗಂಟೆ, ಮೈದಾನದ ಒತ್ತಡ, ತಾಪಮಾನ, ನೀರಾವಿ, ಆ ಮೂರರಿಂದ ಬಂದ ಅಂಕಿ, ಬಳಿಕ ನೀಡಲ್, ಶಿಮ್, ಪ್ಲಗ್, ಪ್ರಾಪ್, ಕೊನೆಗೆ ಹಾರಿದ ಸಮಯ ಮತ್ತು ಇಳಿದ ಮೇಲೆ ಪ್ಲಗ್ ಕಂಡ ಬಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಮೈದಾನಗಳಿಂದ ಇಂಥ ಸಾಲುಗಳು ಒಂದು ಪುಸ್ತಕದಲ್ಲಿ ಸೇರಿದರೆ, ಮುಂದಿನ ವರ್ಷ ಸ್ಪರ್ಧೆಗೆಂದು ಘಟ್ಟ ಇಳಿಯುವ ಹುಡುಗಿಯೊಬ್ಬಳು ಹೊರಡುವ ಮೊದಲೇ ಮಂಗಳೂರಿನ ಅಂಕಿ ನೋಡಿ ನೀಡಲನ್ನು ಎಷ್ಟು ತೆರೆಯಬೇಕೆಂದು ತಿಳಿದುಕೊಳ್ಳಬಲ್ಲಳು. ಆ ಪುಸ್ತಕದ ಕೆಲಸವನ್ನು ಈ ಮಳೆಗಾಲ ಮುಗಿದೊಡನೆ ಶುರು ಮಾಡೋಣ. ಮೊದಲ ಹಾಳೆಗೆ ಬೇಕಾದ ಅಂಕಿಗಳನ್ನು ನಾನು ಕೊಡುತ್ತೇನೆ.